ಒಂದು ಮೊಳ ಗಿಡ್ಡ

ಕಿಟಕಿಯ ಅಳತೆಕೋಲನ್ನು ಯಾರೋ ಒಂದು ಮೊಳ ಕಡಿದಿದ್ದರು.

ಅದು ಗೊತ್ತಾದದ್ದು ಶಿರಸಿಯಿಂದ ಚೌಕಟ್ಟು ಬಂದು ಇಳಿದ ಮೇಲೆ. ಗೌಂಡಿ ಬೀರ ಮತ್ತು ಟೆಂಪೋದ ಸತೀಶ ಸೇರಿ ಅದನ್ನೆತ್ತಿ ಗೋಡೆಯ ಬಾಯಿಗೆ ಹಿಡಿದರು. ಅಗಲ ಸರಿಯಾಗಿ ಕೂತಿತು. ಮೇಲೆ ಲಿಂಟಲ್ಲಿಗೆ ತಾಗಿಸಿದರೆ ಕೆಳಗೆ ಒಂದು ಮೊಳದ ಸಂದಿ ಬಾಯಿ ಬಿಟ್ಟುಕೊಂಡೇ ಇತ್ತು. ಹೊರಗಿದ್ದ ಕೋಳಿಯೊಂದು ಆ ಸಂದಿಗೆ ಹಾರಿ ಕೂತು, ಒಳಗೊಮ್ಮೆ ಕತ್ತು ಹೊರಳಿಸಿ ನೋಡಿ, ಹೋಯಿತು.

"ಗಿಡ್ಡ ಆತಲ್ಲ ಮಮತಾ," ಎಂದ ಬೀರ.

ಆ ಕಡೆ ಕಿಟಕಿ ಬಾಗಿಲಿನ ಅಳತೆಯನ್ನು ಯಾರೂ ಬರೆದು ಕಳಿಸುವುದಿಲ್ಲ. ಒಬ್ಬೊಬ್ಬರ ಟೇಪು ಒಂದೊಂದು ಹೇಳುತ್ತದೆ ಎಂಬ ಗುಮಾನಿ. ಗೌಂಡಿ ಎರಡು ಬಿದಿರ ದಬ್ಬೆ ಸೀಳಿ, ಒಂದನ್ನು ಗೋಡೆಯ ಬಾಯಿಯ ಎತ್ತರಕ್ಕೆ, ಇನ್ನೊಂದನ್ನು ಅಗಲಕ್ಕೆ ಕಡಿದು, ಎರಡೂ ತುದಿಗೆ ಕತ್ತಿಯಿಂದ ಕಚ್ಚು ಹಾಕಿ ಬಡಗಿಗೆ ಕಳಿಸುತ್ತಾನೆ. ಕೋಲು ಎಷ್ಟೋ ಚೌಕಟ್ಟು ಅಷ್ಟು. ಕೆಲಸ ಮುಗಿದ ಮೇಲೆ ಬಡಗಿ ಅವೇ ಕೋಲುಗಳನ್ನು ಚೌಕಟ್ಟಿಗೆ ಕಟ್ಟಿ ವಾಪಸು ಕಳಿಸಬೇಕು. ಮಾತನ್ನು ತಿರುಚಬಹುದು, ಕೋಲು ಸುಳ್ಳು ಹೇಳುವುದಿಲ್ಲ ಎಂದು ಹಿರಿಯರು ನಂಬಿದ್ದರು. ಕೋಲನ್ನೇ ಕಡಿಯಬಹುದು ಎಂದು ಅವರಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದವರು ಬಾಯಿ ಬಿಟ್ಟಿರಲಿಲ್ಲ.

ಮಮತಾ ಎತ್ತರದ ಕೋಲನ್ನು ಬಿಚ್ಚಿ ನೋಡಿದಳು. ಒಂದು ತುದಿಗೆ ಕಚ್ಚಿತ್ತು. ಇನ್ನೊಂದು ತುದಿಗೆ ಇರಲಿಲ್ಲ.

"ನಂಗ ಬಾಡಿಗಿ ಐತಿ," ಎಂದು ಸತೀಶ ಟೆಂಪೋ ಹತ್ತಿದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಆ ಕಿಟಕಿಗಾಗಿಯೇ ಮಮತಾ ಮನೆ ಕಟ್ಟಿಸುತ್ತಿದ್ದಳು ಎಂದರೂ ತಪ್ಪಲ್ಲ. ಕೇರಿಯ ಗುಡಿಸಲಿನಲ್ಲಿ ಹೊಲಿಗೆ ಮಷೀನು ಇಡಲು ಇದ್ದ ಬೆಳಕಿನ ಜಾಗ ಒಂದೇ, ಸೂರಿನ ಕೆಳಗಿನ ಕಟ್ಟೆ. ಮಳೆಗಾಲ ಬಂತೆಂದರೆ ಇರಚಲು ಹೊಡೆದು ಮಷೀನು ಒಳಗೆ ಸೇರುತ್ತಿತ್ತು. ಒಳಗೆ ಸೂಜಿಗೆ ದಾರ ಪೋಣಿಸುವುದೂ ಬೆರಳಿನ ಅಂದಾಜು. ಮಳೆಗಾಲದಲ್ಲೇ ಊರಿನ ರವಿಕೆಗಳೆಲ್ಲ ದಾಸನಕೊಪ್ಪದ ಪ್ಯಾಟೆ ಟೇಲರನ ಕಡೆ ಹೋಗುತ್ತಿದ್ದವು, ಒಮ್ಮೆ ಹೋದವು ಹಿಂದೆ ಬರುತ್ತಿರಲಿಲ್ಲ. ಆಶ್ರಯ ಯೋಜನೆಯಲ್ಲಿ ಅವ್ವ ಸಿದ್ದವ್ವನ ಹೆಸರಿಗೆ ಮನೆ ಮಂಜೂರಾದ ದಿನ ಮಮತಾ ಬೀರನಿಗೆ ಹೇಳಿದ್ದು ಒಂದೇ ಮಾತು. ಕಿಟಕಿ ಮಷೀನಿನ ಹಲಗೆಯ ಮಟ್ಟದಿಂದ ಶುರುವಾಗಬೇಕು, ಕೂತರೆ ಬೆಳಕು ಬಟ್ಟೆಯ ಮೇಲೆ ಬೀಳಬೇಕು, ತಲೆಯ ಮೇಲಲ್ಲ.

ಕೇರಿಯಲ್ಲಿ ಅಷ್ಟು ಎತ್ತರದ ಕಿಟಕಿ ಯಾರ ಮನೆಗೂ ಇರಲಿಲ್ಲ. ಬಂದವರೆಲ್ಲ ಅದರ ಮುಂದೆ ನಿಂತು ಮಾತಾಡಿ ಹೋಗುತ್ತಿದ್ದರು. ರಸ್ತೆಯಾಚೆಯ ರೇಷನ್ ಅಂಗಡಿಯ ಚಂದ್ರಶೇಖರಪ್ಪ, ಕೇರಿಯವರ ಬಾಯಲ್ಲಿ ಸಾಹುಕಾರ್ರು, ಪಂಚಾಯ್ತಿ ಮೆಂಬರೂ ಹೌದು, ಒಂದು ದಿನ ಬಂದು ಗೋಡೆಯ ಬಾಯಲ್ಲಿ ತಲೆ ಹಾಕಿ, "ಇಷ್ಟ್ ದೊಡ್ಡ ಬಾಯಿ ಯಾಕ ಬೇಕವಾ, ಹೊಲಿಯಾಕೋ ನುಂಗಾಕೋ?" ಎಂದು ನಕ್ಕಿದ್ದರು. ಸಿದ್ದವ್ವನೂ ನಕ್ಕಿದ್ದಳು. ಅವರ ಮಾತಿಗೆ ನಗುವುದು ಕೇರಿಯವರಿಗೆ ರೂಢಿಯಾಗಿತ್ತು.

ಈಗ ಮಮತಾ ಬೀರನ ಕಡೆ ತಿರುಗಿದಳು.

"ಕೋಲು ಕಡ್ಯಾಂವ ನೀನು. ಕಚ್ಚು ಹಾಕಾಂವ ನೀನು. ಮತ್ಯಾರ್ನ ಕೇಳ್ಲಿ ಬೀರಣ್ಣ?"

"ನಾ ಯಾಕ ಗಿಡ್ಡ ಕಡೀಲಿ? ನಂಗೇನ್ ಹುಚ್ಚ?"

"ಇಷ್ಟ್ ದೊಡ್ಡದಕ್ಕ ಲಿಂಟಲ್ ತಡೀತೈತೋ ಇಲ್ಲೋ ಅಂತ ಮದ್ಲಿಂದ ಗೊಣಗಿದಾಂವ ನೀನ. ಸಾಹುಕಾರ್ರ ಗೋದಾಮಿನ ಕೆಲ್ಸ ಹಿಡ್ದಾಂವನೂ ನೀನ. ಹೇಳು, ಅವ್ರ ಹೇಳಿದ್ರೇನು?"

"ಬಾಯಿಗೊಂದ್ ಹೊಲಿಗಿ ಹಾಕ್ಕೊ ಅತ್ಲಾಗ," ಎಂದು ಸಿದ್ದವ್ವ ಮಗಳನ್ನು ಗದರಿದಳು. ಆದರೆ ಅವಳ ಕಣ್ಣೂ ಬೀರನ ಮುಖದ ಮೇಲೆಯೇ ಇತ್ತು.

ಬೀರ ಬಕೇಟಿನ ನೀರಲ್ಲಿ ಕರಣೆ ತೊಳೆದ, ಚೀಲಕ್ಕೆ ಹಾಕಿದ, ಚೀಲವನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿದ. ಹೊರಡುವಾಗ ಮಾತ್ರ, "ನಾಳೆ ನಾ ಬರ್ತೀನೋ ಇಲ್ಲೋ, ಅದನ್ನೂ ಒಂದ್ ಕೋಲ್ನ್ಯಾಗ ಅಳದ್ ಇಟ್ಕೊ," ಎಂದ.

ಮರುದಿನ ಅವನು ಬರಲಿಲ್ಲ. ಮಮತಾ ಎರಡೂ ಕೋಲು ಹಿಡಿದುಕೊಂಡು ಶಿರಸಿ ಬಸ್ಸು ಹತ್ತಿದಳು. ಕಂಡಕ್ಟರು, "ಕೋಲಿಗೂ ಟಿಕೇಟು ಮಾಡ್ಲೇನಕ್ಕಾ?" ಎಂದ. ಅವಳು ನಗಲಿಲ್ಲ.

ಮರದಂಗಡಿಯ ಅನಂತಮೂರ್ತಿ ಹೊಟ್ಟಿನ ರಾಶಿಯ ನಡುವೆ ಕೂತು ಅಡಿಕೆ ಕತ್ತರಿಸುತ್ತಿದ್ದರು. "ಎಂತ ತಂಗಿ, ಕಿಟಕಿ ಚೊಲೋ ಆಜಿಲ್ಯ?"

ಅವಳು ಕೋಲನ್ನು ಅವರ ಮುಂದೆ ಚಾಚಿದಳು. "ಇದನ್ನ ಕಡ್ದೋರ್ಯಾರ್ರಿ?"

ಅವರ ಅಡಕತ್ತರಿ ನಿಂತಿತು. "ಆನು ಕೋಲು ಎಷ್ಟಿತ್ತೋ ಅಷ್ಟು ಮಾಡಿದ್ದಿ. ಮೂರು ತಲೆಮಾರಿನ ಅಂಗಡಿ ಇದು. ಮರ ಉಳಿಸಲೆ ಆನು ಕೋಲು ಕಡಿತೆ ಹೇಳಿ ತಿಳ್ಕಂಡ್ಯ?"

"ಹಂಗಂತ ನಾ ಅಂದಿಲ್ಲ."

"ಬಾಯಲ್ಲಿ ಅಂದಿದ್ದಿಲ್ಲೆ." ಅವರು ಕೋಲು ಇಸಿದುಕೊಂಡು ಅದಕ್ಕೆ ಸುತ್ತಿದ್ದ ದಾರವನ್ನು ಉಗುರಿನಿಂದ ಎತ್ತಿ ತೋರಿಸಿದರು. "ಬಂದಾಗಲೂ ಇದೇ ಗೋಣಿ ದಾರ ಸುತ್ತಿತ್ತು. ಆನೇ ಬಿಚ್ಚಿದ್ದಿ, ಕೆಲಸ ಮುಗಿದ ಮೇಲೆ ಇದರಲ್ಲೇ ಕಟ್ಟಿ ಕಳ್ಸಿದ್ದಿ. ನಮ್ಮಲ್ಲಿ ಗೋಣಿ ದಾರ ಇಲ್ಲೆ, ತೆಂಗಿನ ಹುರಿ ಇದ್ದು. ನೋಡು ಬೇಕಾರೆ."

ಮಮತಾ ಅಂಗಡಿಯ ಸುತ್ತ ನಿಜವಾಗಿಯೂ ಕಣ್ಣು ಹಾಯಿಸಿದಳು. ಕೋಲುಗಳನ್ನು ಸತೀಶನ ಕೈಗೆ ಕೊಡುವಾಗ ಅವಳೇ ನೀಲಿ ರವಿಕೆ ಬಟ್ಟೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದಳು. ಆ ಗಂಟು ಬಿಚ್ಚಿದವರು ಯಾರೋ, ಮತ್ತೆ ಕಟ್ಟುವಾಗ ಕೈಗೆ ಸಿಕ್ಕಿದ್ದು ಗೋಣಿ ದಾರ. ಗೋಣಿ ದಾರ ಎಲ್ಲಿರುವುದಿಲ್ಲ? ಟೆಂಪೋದಲ್ಲಿರುತ್ತದೆ. ಬೀರನ ಸೈಕಲ್ಲಿನ ಕ್ಯಾರಿಯರಿಗೂ ಸುತ್ತಿರುತ್ತದೆ. ಅನಂತಮೂರ್ತಿಯೇ ಎಲ್ಲಿಂದಲೋ ತಂದು ಸುತ್ತಿ, ಈಗ ತೆಂಗಿನ ಹುರಿ ತೋರಿಸುತ್ತಿರಬಹುದು.

"ಬೇರೆ ಮಾಡಿಕೊಡ್ತೆ. ಗಿಡ್ಡದನ್ನು ವಾಪಸು ತಗಳ್ತೆ," ಎಂದರು ಅವರು. "ಈ ಸಲ ಕೋಲು ಬ್ಯಾಡ. ಗೌಂಡಿಯನ್ನೇ ಕಳ್ಸು."

ಮಾರುವವನು ಇಷ್ಟು ಸಲೀಸಾಗಿ ಒಪ್ಪಿದ್ದೂ ಅವಳಿಗೆ ಸರಿಬರಲಿಲ್ಲ. ಗೌಂಡಿಯನ್ನು ಕಳಿಸು ಎಂದದ್ದು ಅದಕ್ಕಿಂತ ಹೆಚ್ಚು ಚುಚ್ಚಿತು.

ದಾಸನಕೊಪ್ಪದಲ್ಲಿ ಇಳಿದಾಗ ಸತೀಶ ಚಾದಂಗಡಿಯ ಮುಂದೆ ನಿಂತಿದ್ದ. ಇವಳನ್ನು ಕಂಡು ಲೋಟದೊಳಗೆ ನೋಡತೊಡಗಿದ.

"ಕೋಲು ನಿನ್ನ ಕೈಗೆ ಕೊಟ್ಟ ದಿನಾನ ಶಿರ್ಸಿಗೆ ಮುಟ್ಟಿಸಿದ್ಯಾ?"

"ಇಲ್ಲಕ್ಕಾ, ಮರುದಿನ. ರಾತ್ರಿ ಗಾಡಿ ಸಾಹುಕಾರ್ರ ಹಿತ್ತಲದಾಗ ನಿಂತಿತ್ತು. ದಿನಾ ಅಲ್ಲೇ ನಿಲ್ಲೂದು."

"ಅಲ್ಲ್ಯಾಕ? ನಿನ್ನ ಮನಿ ಮುಂದ ಜಾಗ ಇಲ್ಲೇನು?"

"ಬಾಡಿಗಿ ಇರ್ತೈತಿ," ಎಂದ ಸತೀಶ. ಎಂಥ ಬಾಡಿಗೆ ಎಂದು ಕೇಳುವಷ್ಟರಲ್ಲಿ ಲೋಟ ಇಟ್ಟು ಹೊರಟೇಬಿಟ್ಟ.

ಅವಳು ಹೊಸ ಮನೆಗೆ ಬಂದಾಗ ಇಳಿಹೊತ್ತು. ಕೆಲಸದವರಿಲ್ಲದ ಗೋಡೆಗಳ ನಡುವೆ ಸಿಮೆಂಟಿನ ವಾಸನೆ ತಣ್ಣಗಿತ್ತು. ಗಿಡ್ಡ ಚೌಕಟ್ಟು ಮೂಲೆಗೆ ಒರಗಿತ್ತು. ಮಷೀನು ಇಡಬೇಕೆಂದುಕೊಂಡ ಜಾಗದಲ್ಲಿ ಬೀರನ ಬಕೇಟು ಬೋರಲು ಬಿದ್ದಿತ್ತು. ಅದರ ಮೇಲೆ ಕೂತಳು. ಒಂದು ಮೊಳ ಹೋದರೆ ಹೋಯಿತು, ಹೇಗೂ ಹೊಲಿಯಬಹುದೇನೋ ನೋಡೋಣ ಎಂದು ಕೂತದ್ದು. ಅಲ್ಲಿಯವರೆಗೆ ಅವಳು ಆ ಬಾಯಿಯ ಮುಂದೆ ನಿಂತಿದ್ದಳೇ ಹೊರತು ಒಮ್ಮೆಯೂ ಕೂತಿರಲಿಲ್ಲ, ಅದೂ ಈ ಹೊತ್ತಿನಲ್ಲಿ.

ಮನೆ ದಿಬ್ಬದ ಮೇಲಿತ್ತು. ರಸ್ತೆಯಲ್ಲಿ ಹೋಗುವವರಿಗೆ ರೇಷನ್ ಅಂಗಡಿಯ ಮುಂಬಾಗಿಲು, ಅದಕ್ಕೆ ತೂಗುಹಾಕಿದ ಹಲಗೆ, ಪಕ್ಕಕ್ಕೆ ಆಳೆತ್ತರದ ಬೇಲಿ ಇಷ್ಟೇ ಕಾಣುತ್ತಿತ್ತು. ಇಲ್ಲಿ ಕೂತರೆ ಬೇಲಿ ಕಣ್ಣಿನಿಂದ ಕೆಳಗಿತ್ತು. ಬೇಲಿಯಾಚೆ ಹಿತ್ತಲು, ಹಿತ್ತಲ ಬಾಗಿಲು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಸತೀಶನ ಟೆಂಪೋ. ಇಬ್ಬರು ಒಂದು ನೀಲಿ ಬ್ಯಾರಲ್ಲನ್ನು ಹಲಗೆಯ ಮೇಲೆ ಉರುಳಿಸಿ ಹತ್ತಿಸುತ್ತಿದ್ದರು. ಮೂರನೆಯವನು ತಾಡಪತ್ರಿ ಹಿಡಿದು ಕಾಯುತ್ತಿದ್ದ. ಗಾಳಿ ಈ ಕಡೆಗೇ ಬೀಸುತ್ತಿತ್ತು. ಸೀಮೆಎಣ್ಣೆಯ ವಾಸನೆ ಬಂತು.

ಮುಂಬಾಗಿಲ ಹಲಗೆಯ ಮೇಲೆ 'ಎಣ್ಣೆ ಬಂದಿಲ್ಲ' ಎಂದು ಬರೆದು ಹಬ್ಬದ ಹಿಂದಿನಿಂದಲೂ ಅಳಿಸಿರಲಿಲ್ಲ. ನಿನ್ನೆಯಷ್ಟೇ ಸಿದ್ದವ್ವ ಖಾಲಿ ಡಬ್ಬಿ ಹಿಡಿದು ಹೋಗಿ ಖಾಲಿ ಡಬ್ಬಿ ಹಿಡಿದು ಬಂದಿದ್ದಳು.

ಮಮತಾ ಎದ್ದು ಮೂಲೆಯ ಚೌಕಟ್ಟನ್ನು ತಾನೊಬ್ಬಳೇ ಎಳೆದು ತಂದು, ಕೆಳಗೆ ಚಿರೇಕಲ್ಲು ಸಾಲಾಗಿಟ್ಟು, ಅದರ ಮೇಲೆ ನಿಲ್ಲಿಸಿದಳು. ಮತ್ತೆ ಬಕೇಟಿನ ಮೇಲೆ ಕೂತಳು. ಕಲ್ಲು ಕಂಡಿತು. ಕಲ್ಲಿನ ಮೇಲೆ ಆಕಾಶ ಕಂಡಿತು. ಮತ್ತೇನೂ ಕಾಣಲಿಲ್ಲ.

ಬೆಳಕು ಬೇಕೆಂದಷ್ಟೇ ಕೇಳಿದ್ದವಳು ಅವಳು. ಅಲ್ಲಿ ನೋಡುವುದಕ್ಕೇನೋ ಇದೆ ಎಂದು ಅವಳಿಗೆ ಹೇಳಿಕೊಟ್ಟವನು ಕೋಲು ಕಡಿದವನು.

ಬೆಳಿಗ್ಗೆ ಬೀರ ಬಂದಿದ್ದ. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಡುಗೆಮನೆಯ ಗೋಡೆಗೆ ಗಿಲಾಯಿ ಮಾಡಲು ಸಿಮೆಂಟು ಕಲಸಿಕೊಂಡಿದ್ದ. ಅವಳು ಚಾ ತಂದು ಅವನ ಪಕ್ಕದ ಕಲ್ಲಿನ ಮೇಲಿಟ್ಟಳು. ಚಾ ಆರಿತು. ಬೀರ ಅದನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಚಂದ್ರಶೇಖರಪ್ಪ ಬಿಳಿ ಪಂಚೆಯ ತುದಿ ಎತ್ತಿ ಹಿಡಿದು ಸಿಮೆಂಟು ಚೀಲ ದಾಟಿ ಒಳಗೆ ಬಂದರು.

"ಏನವಾ, ಕಿಟಕಿ ಗಿಡ್ಡ ಆತಂತ ಶಿರ್ಸೀತನಕ ಹೋಗಿದ್ಯಂತ? ಒಂದ್ ಮೊಳ ತಾನ, ಅದಕ್ಯಾಕ ಇಷ್ಟ್ ರಾದ್ಧಾಂತ?"

ಒಂದು ಮೊಳ ಎಂದು ಅವಳು ಅವರಿಗೆ ಹೇಳಿರಲಿಲ್ಲ. ಸತೀಶ ಹೇಳಿರಬಹುದು. ಹೇಳದೆಯೂ ಇರಬಹುದು.

"ಬ್ಯಾರೆ ಚೌಕಟ್ಟು ಮಾಡಸ್ತೀನ್ರಿ."

"ಅಲ್ಲೀತನಕ ಬಿಲ್ಲು ಕಾಯ್ತೈತೇನು? ನಾಳೆ ಇಂಜಿನಿಯರ ಬರ್ತಾರ ಫೋಟೋ ತಗ್ಯಾಕ. ಗೋಡಿಗೆ ಹಿಂಗ ತೂತು ಕಂಡ್ರ ಹೆಂಚಿನ ಕಂತು ನಿಂತ್ಹೋಕ್ಕೈತಿ. ಮಳಿ ಎದುರಿಗೈತಿ. ನಿಮ್ಮವ್ವನ್ನ ನೆನಸ್ತೀಯೇನು?" ಅವರ ದನಿ ಮನೆಯವರದೇ ದನಿಯಂತಿತ್ತು. "ಅಲ್ಲದ, ನಿನ್ನ ಕಿಟಕಿ ಎದುರು ನನ್ನ ಹಿತ್ತಲ ಬಾಗಿಲು. ಕಿಟಕಿಗೆ ಬಾಗಿಲು ಎದುರಾದ್ರ ಎರಡೂ ಮನೀಗೆ ಒಳ್ಳೇದಲ್ಲ. ಹೊಲಿಯಾಕ ಬೆಳಕ ಮ್ಯಾಲಿಂದ ಬರ್ತೈತಿ. ಕೂತಲ್ಲಿಂದ ಹೊರಗ ನೋಡೂದ್ ಏನೈತಿ?"

"ನಿನ್ನೆ ಸಂಜೀಕ ಕೂತು ನೋಡ್ದೆ, ಸಾಹುಕಾರ್ರ," ಎಂದಳು ಮಮತಾ. "ಎಣ್ಣಿ ಬಂದೈತಿ."

ಗಿಲಾಯಿ ಮಾಡುತ್ತಿದ್ದ ಬೀರನ ಕೈ ನಿಂತಿತು. ಬಾಗಿಲ ಬಳಿ ನಿಂತಿದ್ದ ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಂದ್ರಶೇಖರಪ್ಪ ಮಮತಾಳ ಕಡೆ ನೋಡಲೂ ಇಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಬೀರನ ಕಡೆ ತಿರುಗಿದರು.

"ಬೀರ, ಸಿಮೆಂಟ ಕಲಸಿದ್ದೈತಲ್ಲ. ಕೆಳಗಿನ ಕಲ್ಲು ಗಟ್ಟಿ ಮಾಡಿ ಆ ಚೌಕಟ್ಟು ಕೂಡ್ಸು. ಈಗ, ನನ್ನ ಎದುರಿಗೆ. ನಿನ್ನ ಹೆಣ್ತಿ ರೇಷನ್ ಕಾರ್ಡು ಬಡವರ ಹಸರದು ಮಾಡಿಸಿಕೊಡ್ರಿ ಅಂತ ಬಂದಿದ್ಲು, ನೆನಪೈತಿ ನಂಗ. ಗೋದಾಮಿನ ಕೆಲ್ಸಾನೂ ಇನ್ನೂ ಬಾಳ ಐತಿ."

ಬೀರ ಸಿಮೆಂಟಿನ ಬುಟ್ಟಿ ಎತ್ತಿದ. ಮಮತಾ ಅವನ ಬೆನ್ನನ್ನೇ ನೋಡಿದಳು. ಮೊನ್ನೆ ತಾನಾಡಿದ ಪ್ರತಿ ಮಾತೂ ಆ ಬೆನ್ನಿನ ಮೇಲೆ ಕೂತಂತೆ ಕಂಡಿತು. ಅವನು ಮುಚ್ಚಿದರೆ ಬೇಡ ಎನ್ನಲು ಅವಳಿಗೆ ಬಾಯಿ ಉಳಿದಿರಲಿಲ್ಲ. ಅವನು ಗೋಡೆಯ ಬಾಯಿಯವರೆಗೆ ನಡೆದ. ಅವಳು ನಿನ್ನೆ ನಿಲ್ಲಿಸಿದ್ದ ಚೌಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟ. ಕೆಳಗಿನ ಚಿರೇಕಲ್ಲುಗಳನ್ನು ಒಂದೊಂದಾಗಿ ಕಾಲಿನಿಂದ ಹೊರಗೆ ದೂಡಿದ. ಅವು ದಿಬ್ಬದಿಂದ ಉರುಳಿ ರಸ್ತೆಯಂಚಿನ ಚರಂಡಿಗೆ ಬಿದ್ದವು. ಬುಟ್ಟಿಯ ಸಿಮೆಂಟನ್ನು ಅವುಗಳ ಹಿಂದೆಯೇ ಸುರಿದ.

"ಏ, ಏನ್ಮಾಡಾಕತ್ತೀಯೋ?"

ಬೀರ ಕಿಟಕಿಯ ಬಾಯಲ್ಲಿ, ಕಲ್ಲಿಡಬೇಕಾದ ಆ ಜಾಗದಲ್ಲೇ, ಕಾಲು ಇಳಿಬಿಟ್ಟು ಕೂತ. ಬೆನ್ನು ರೇಷನ್ ಅಂಗಡಿಯ ಕಡೆಗಿತ್ತು. ಸೊಂಟದ ಚಂಚಿ ಬಿಚ್ಚಿ ಎಲೆ ತೆಗೆದು ತೊಡೆಗೆ ಒರೆಸಿದ.

"ಆಗೂದಿಲ್ರಿ," ಎಂದ.

"ಬ್ಯಾರೆ ಗೌಂಡಿ ಸಿಗೂದಿಲ್ಲಂತ ತಿಳ್ಕೊಂಡೀ ಏನು?"

"ಸಿಗ್ತಾನ್ರಿ, ಕರೀರಿ." ಬೀರ ಎಲೆಗೆ ಸುಣ್ಣ ಹಚ್ಚಿದ. "ಅಂವ ಮುಚ್ಚಬೇಕಂದ್ರೂ ಮದ್ಲ ನಾ ಏಳ್ಬೇಕಲ್ಲ."