ಮಾಯಾಳ ಕೈಯ ನೀರು

ಗೋಡೆಗೊರಗಿಸಿ ಕೂರಿಸಿದ್ದ ಅತ್ತೆ ಮುತ್ತವ್ವನ ಹೆಣದ ಗದ್ದಕ್ಕೆ ಬಿಗಿದ ಬಟ್ಟೆಯ ಗಂಟನ್ನು ಶೇವಂತಿ ಸಡಿಲಿಸುತ್ತಿದ್ದಳು. ನಾದಿನಿ ಶಿವವ್ವ ನೀರಿನ ಚರಗಿ, ಚಮಚ ಹಿಡಿದು ಮುಂದೆ ಬಂದಳು.

"ಆಚೆ ಸರಿ ವೈನಿ, ಮೊದಲ ನಾ ಬಾಯಾಗ ನೀರ ಹಾಕ್ತೇನಿ."

"ಮೊದಲ ನನ್ನ ಮಗಳು ಹಾಕ್ತಾಳ. ಬಾರ ಮಾಯಾ."

ಬೀಳಗಿಯಿಂದ ಬಂದು ಕುಳಿತಿದ್ದ ಬೀಗರು ಇತ್ತ ತಿರುಗಿದರು.

"ಆ ಹುಡುಗಿ ಕೈಯಾನ ನೀರ ಅವ್ವ ಎಂದೂ ಕುಡೀಲಿಲ್ಲ. ಸತ್ತ ಮ್ಯಾಲೂ ನಿಂದೇನಿದು ಹಟಾ?" ಎಂದಳು ಶಿವವ್ವ.

"ಅದಕ್ಕಽ. ಇವತ್ತ ಬ್ಯಾಡ ಅನ್ನಾಕ ಆಕೀಗೆ ಬಾಯಿಲ್ಲ."

ಕಟ್ಟೆಯ ಮೇಲಿನ ಮಾಳಪ್ಪಜ್ಜ ಗೊಣಗಿದ: "ಯಾರರ ಲಗೂನ ಹಾಕ್ರೆವಾ. ಡೊಳ್ಳಿನವ್ರು ಎರಡ ಸಲಾ ಚಾ ಕುಡದ್ರು."

*

ಹನ್ನೆರಡು ವರ್ಷದ ಹಿಂದೆ, ಹುಟ್ಟಿದ ಕೂಸು ಬಾಯಿತುಂಬ ನೊರೆ ಕಾರುತ್ತಿತ್ತು. ಅನ್ನನಾಳ ನಡುವೆ ಮುಚ್ಚಿಕೊಂಡಿದೆ, ಹೊಟ್ಟೆಗೆ ಕೂಡಿಲ್ಲ. ಆಪರೇಷನ್ ಆಗುವತನಕ ಹನಿ ನೀರೂ ಕೊಡಬೇಡಿ ಎಂದಿದ್ದರು ಬಾಗಲಕೋಟೆಯ ಡಾಕ್ಟರು. ಮುತ್ತವ್ವ ಕೂಸನ್ನು ಮನೆಗೆ ತಂದಳು.

"ದೇವರು ಮುಚ್ಚಿ ಕಳಸ್ಯಾನ. ಹೆಣ್ಣ ಕೂಸಿನ ಎದಿ ಕೊಯ್ಸೂದ ಬ್ಯಾಡ" ಎಂದು ಸಕ್ಕರೆ ನೀರು ಹನಿಸಿದಳು. ಕೂಸು ಕೆಮ್ಮಿ ನೀಲಿಗಟ್ಟಿತು. ಹಸಿ ಬಾಣಂತಿ ಶೇವಂತಿ ಬಟ್ಟಲನ್ನು ಕಿತ್ತೆಸೆದು ಅಣ್ಣ ಜಕ್ಕಪ್ಪನ ಜೀಪು ಹತ್ತಿದಳು. ಬೆಳಗಾವಿಯಲ್ಲಿ ಪಕ್ಕೆಲುಬಿನ ಸಂದಿಯಲ್ಲಿ ಕೊಯ್ದು, ನಾಳದ ಎರಡು ತುದಿ ಸೇರಿಸಿ ಹೊಲಿದರು.

ಬದುಕಿದ ಕೂಸಿನೊಂದಿಗೆ ಮರಳಿದಾಗ ಮುತ್ತವ್ವ ಬಾಗಿಲಲ್ಲೇ ಅಂದಳು: "ಕೊಯ್ದ ಕೂಸು. ಇದರ ಕೈ ನೀರ ಸಾಯೂತನಕ ಮುಟ್ಟಂಗಿಲ್ಲ."

ಮುಟ್ಟಲಿಲ್ಲ. ಬಿಸಿಲಲ್ಲಿ ಕುರಿ ಹೊಡೆದುಕೊಂಡು ಬಂದವಳು, ಮೊಮ್ಮಗಳು ಚಾಚಿದ ಚರಗಿಯನ್ನು ದಾಟಿ ಹೋಗಿ ತಾನೇ ಹಂಡೆಗೆ ಬಾಗುತ್ತಿದ್ದಳು. ಹೊಲಿದಲ್ಲಿ ನಾಳ ಸಣ್ಣದಾಗಿ ತುತ್ತು ಸಿಕ್ಕಿಕೊಳ್ಳುತ್ತಿದ್ದ ಹುಡುಗಿಗೆ, "ಸಾವಕಾಶ, ಇದು ಇಳೀಲಿ, ಆಮ್ಯಾಲೆ ಮತ್ತೊಂದು" ಎಂದು ಕಲಿಸುತ್ತ, ಶೇವಂತಿ ಆ 'ಸಾಯೂತನಕ'ಕ್ಕೆ ಕಾಯುತ್ತಿದ್ದಳು.

*

"ಹಾಕ್ಲಿ ಬಿಡ ಶಿವವ್ವಾ" ಎಂದ ಶೇವಂತಿಯ ಗಂಡ ಯಲ್ಲಾಲಿಂಗ, ಯಾರ ಮುಖವನ್ನೂ ನೋಡದೆ.

ಶಿವವ್ವ ಚರಗಿಯನ್ನು ನೆಲಕ್ಕೆ ಕುಕ್ಕಿದಳು. ಶೇವಂತಿ ಹೆಬ್ಬೆರಳಿನಿಂದ ಗದ್ದ ಒತ್ತಿ, ಸೆಟೆದ ಬಾಯನ್ನು ತೆರೆದಳು.

"ಹಾಕ. ಎಲ್ಲಾರೂ ನೋಡ್ಲಿ. ಪೂರಾ ಹಾಕ."

ಮಾಯಾ ಅರ್ಧ ಚಮಚ ಹಾಕಿ ಕೈ ತಡೆದಳು. ಮುದುಕಿಯ ಗಂಟಲನ್ನೇ ನೋಡುತ್ತ ನಿಂತಳು.

"ಯಾಕ ನಿಂತಿ? ಹಾಕ ಬೇ!"

"ತಡಿ ಯವ್ವಾ," ಎಂದಳು ಮಾಯಾ. "ಇದು ಇಳೀಲಿ."

ನೀರು ತುಟಿಯಂಚಿಗೆ ಬಂದು, ಜಾರಿ, ಶೇವಂತಿಯ ಹೆಬ್ಬೆರಳಿಗೆ ತಣ್ಣಗೆ ತಾಗಿತು. ಹುಡುಗಿ ಚಮಚ ಹಿಡಿದು ಇನ್ನೂ ಕಾಯುತ್ತಿದ್ದಳು.