ಪುಟ್ಟಗೌರಮ್ಮ ಕಣಕ್ಕೆ ಇಳಿಯದ ದಿನ

ಬನ್ನೂರು ಕಡೆಯ ನಮ್ಮೂರಿನಲ್ಲಿ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಬೆಳಗೆಲ್ಲ ಮಂಜು. ನಾಲೆಯ ನೀರು ಎಲ್ಲಿ, ದಾರಿ ಎಲ್ಲಿ ಎಂದೇ ತಿಳಿಯುವುದಿಲ್ಲ. ಅಂಥ ಒಂದು ಬೆಳಗು ಪುಟ್ಟಗೌರಮ್ಮ ನಾಲೆ ಏರಿಯ ಮೇಲೆ ಒಬ್ಬರೇ ಕೂತಿದ್ದರು. ಕೆಳಗೆ ಅವರದೇ ಕಣ. ಮಗ ನಿಂಗರಾಜು ಭತ್ತದ ರಾಶಿ ಮಾಡಿ, ಪೂಜೆಗೆ ಬಾ ಎಂದು ಅವ್ವನನ್ನು ಮೂರು ಸಲ ಕೂಗಿದ. ಕೊಯ್ಲಿಗೆ ಯಂತ್ರ ಬಂದಿದೆ ನಿಜ, ಆದರೂ ರಾಶಿಗೆ ಪೂಜೆ ಮಾಡದೆ ಮೂಟೆ ಕಟ್ಟುವ ಮನೆ ನಮ್ಮೂರಲ್ಲಿಲ್ಲ. ಆ ಮನೆಯಲ್ಲಿ ನಲವತ್ತು ವರ್ಷದಿಂದ ಆ ಪೂಜೆ ಪುಟ್ಟಗೌರಮ್ಮನದು. ಅವರು ಕೂತಲ್ಲಿಂದ ಏಳಲಿಲ್ಲ.

ಡೇರಿಗೆ ಹಾಲು ಹಾಕಿ ಬರುತ್ತಿದ್ದ ಆಶಾ ಕಾರ್ಯಕರ್ತೆ ಶಾಂತಿ ಪಕ್ಕದಲ್ಲಿ ಬಂದು ಕೂತಳು.

"ಯಾಕತ್ತೆ, ಕಣಕ್ಕೆ ಇಳೀನಿಲ್ವಾ?"

"ಇಳೀಬಾರ್ದು ಕಣವ್ವ." ಪುಟ್ಟಗೌರಮ್ಮ ದನಿ ತಗ್ಗಿಸಿದರು. "ಒರ್ಗಾಗಿವ್ನಿ."

ಮುಟ್ಟಾಗಿ ಹೊರಗಾದ ಹೆಂಗಸು ಕಣ ತುಳಿದರೆ ರಾಶಿ ಹುಲುಸಾಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಪುಟ್ಟಗೌರಮ್ಮನಿಗೆ ಅರವತ್ತಮೂರು ವರ್ಷ! ಶಾಂತಿ ಇನ್ನಷ್ಟು ಹತ್ತಿರ ಸರಿದಳು.

"ಅತ್ತೆ, ಎರಡ್ ವರ್ಸದ್ ಇಂದೆ ಗರ್ಭಕೋಸದ ಕ್ಯಾನ್ಸರ್ ಅಂತ ಆಪ್ರೇಸನ್ ಆಗಿತ್ತಲ್ವಾ? ಗರ್ಭಕೋಸನೇ ತಗ್ದಾಕವ್ರಲ್ಲ?"

"ಊಂ. ಆಮ್ಯಾಕೆ ರೇಡಿಯೇಸನ್ ಕರೆಂಟೂ ಕೊಟ್ರು."

"ಗರ್ಭಕೋಸನೇ ಇಲ್ದ ಮ್ಯಾಕೆ ಮುಟ್ಟು ಎಲ್ಲಿಂದ ಬಂದದು?"

ಪುಟ್ಟಗೌರಮ್ಮ ಮಂಜಿನ ಕಡೆಗೇ ನೋಡುತ್ತಿದ್ದರು. "ನಾನೂ ಅಂಗೇ ಅನ್ಕಂಡೆ. ಆದ್ರೂ ಕಾಣಿಸ್ಕತಲ್ಲ. ಎಂಗಸ್ರ ಮೈ, ಯಾರ್ ಬಲ್ಲರು? ಎರಡ್ ತಿಂಗ್ಳಿಂದ ಬತ್ತಾ ಅದೆ. ದೇವ್ರ ದೀಪನೂ ಮುಟ್ಟಿಲ್ಲ."

"ನಿಂಗರಾಜಣ್ಣಂಗೆ ಯೋಳಿದ್ರಾ?"

"ಗಂಡ್ ಮಗಂಗೆ ಇದ್ನೆಲ್ಲ ಯೋಳಾಕಾಯ್ತದಾ?"

ನನಗೆ ಸಿಟ್ಟು ಬರುವುದೇ ಇಲ್ಲಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ಓಡಿಹೋಗಿ ಡಾಕ್ಟರನ್ನು ಕರೆತರುತ್ತೇವೆ. ನಮ್ಮ ಮೈಯ ಮಾತು ಬಂದರೆ ಮಾತ್ರ ಬಾಯಿಗೆ ಬೀಗ.

ಶಾಂತಿ ಬಿಡಲಿಲ್ಲ. ಅದೇ ವಾರ ತಾಯಿ ಮಗನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಡಿಸಿದಳು. ಸ್ಕ್ಯಾನ್ ಆಯಿತು. ಕ್ಯಾನ್ಸರ್ ಮತ್ತೆ ಬಂದು ಕಿಬ್ಬೊಟ್ಟೆಯಲ್ಲಿ ಕೂತಿತ್ತು. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದ ಡಾಕ್ಟರು, ಇದಕ್ಕೆ ಇಮ್ಯುನೋಥೆರಪಿ ಕೊಡಬಹುದು ಎಂದರು.

ನಿಂಗರಾಜು ಊರಿಗೆ ಬಂದವನೇ ಜಗಲಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತ. ವಿಚಾರಿಸಲು ಬಂದ ಶಾಂತಿ ಆಸ್ಪತ್ರೆಯ ಚೀಟಿಗಳನ್ನೆಲ್ಲ ನೋಡಿದಳು.

"ಮತ್ತೆ ಬಂದ್ಮೇಲೆ ಮುಗೀತು ಅಂತಾರೆ ಎಲ್ರೂವೆ. ಈ ವಯಸ್ನಲ್ಲಿ ಅವ್ವನ್ನ ಅಲ್ಲೀಗಂಟ ಅಲೆಸೋದ್ಯಾಕೆ? ಇಮ್ಯುನಿಟಿ ಅಂದ್ರೆ ಮೈಗೆ ಸಕ್ತಿ ತಾನೇ? ಇತ್ಲಲ್ಲಿ ಅಮೃತಬಳ್ಳಿ ಅದೆ. ಕಸಾಯ ಕಾಯ್ಸಿ ಕೊಡ್ತೀನಿ."

ಶಾಂತಿಗೆ ನಗು ಬಂತು. "ಅಣ್ಣ, ನಿಮ್ಮನೆ ನಾಯಿ ಕಳ್ಳನ್ ಕಂಡ್ರೆ ಬಿಟ್ಟದಾ?"

"ಸಿಗ್ದಾಕ್ತದೆ."

"ಆ ಕಳ್ಳ ನಿಮ್ ಕಂಬ್ಳಿನೇ ಒದ್ಕಂಡು ಬಂದ್ರೆ?"

"ನಾನೇ ಅನ್ಕಂಡು ಬಾಲ ಅಳ್ಳಾಡಿಸ್ತದೆ."

"ಅಂಗೇಯ. ನಮ್ ಮೈಯಲ್ಲೂ ಕಾವಲು ಅದೆ. ಕ್ಯಾನ್ಸರ್ ಕಂಬ್ಳಿ ಒದ್ಕಂಡು ಕುಂತಿರ್ತದೆ, ಕಾವ್ಲಿಗೆ ಗೊತ್ತಾಗಾಕಿಲ್ಲ. ಈ ಔಸ್ದಿ ಆ ಕಂಬ್ಳಿ ಕಿತ್ತಾಕ್ತದೆ. ನೀವು ಕಸಾಯ ಕುಡ್ಸೋದು ನಾಯಿಗೆ ಇನ್ನೊಂದ್ ಮುದ್ದೆ ಆಕ್ದಂಗೆ. ತಿನ್ಕಂಡು ಮನೀಕತದೆ, ಅಷ್ಟೆಯ. ಡಾಕ್ಟ್ರನ್ನ ಕೇಳ್ದೆ ಯಾವ ಕಸಾಯನೂ ಕೊಡ್ಬ್ಯಾಡಿ, ಕೆಟ್ಟದ್ದೂ ಆಗ್ಬೋದು."

"ಗ್ಯಾರಂಟಿ ವಾಸಿ ಆಯ್ತದಾ?"

"ಸುಳ್ ಯಾಕೆ ಯೋಳ್ಲಿ ಅಣ್ಣ? ಇದು ಎಲ್ರಿಗೂ ಇಡಿಯಾಕಿಲ್ಲ. ಆದ್ರೆ ಅತ್ತೇದು ಈ ಔಸ್ದಿಗೆ ಬಗ್ಗೋ ಅಂಥ ಬಗೆ ಅಂತ ಪರೀಕ್ಸೇಲಿ ಬಂದದೆ. ಕಾಯ್ಲೆ ತಗ್ಗಿಸ್ಕಂಡು ವರ್ಸಗಟ್ಲೆ ಓಡಾಡೋರು ಅವ್ರೆ."

ಅಷ್ಟು ಹೊತ್ತು ಗೋಡೆಗೆ ಒರಗಿ ಕಣ್ಮುಚ್ಚಿದ್ದ ಪುಟ್ಟಗೌರಮ್ಮ ಮೆಲ್ಲಗೆ ಬಾಯಿ ತೆರೆದರು. "ನಂಗೆ ಬದುಕೋ ಆಸೆ ಅದೆ ಕಣ್ಲಾ ಮಗ. ಕರ್ಕಂಡೋಗು."

ನಿಂಗರಾಜು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವ್ವ ಅವನ ಬೆನ್ನು ಸವರುತ್ತಾ ಕೂತರು.

ಮೂರು ವಾರಕ್ಕೊಮ್ಮೆ ಮೈಸೂರು. ಮೊದಲ ಬಸ್ಸಿನ ಕಿಟಕಿಯಾಚೆ ಕಬ್ಬಿನ ಹೂವು ಬೆಳ್ಳಗೆ ತೂಗುತ್ತಿತ್ತು. ಆಸ್ಪತ್ರೆಯಲ್ಲಿ ಬಾಟಲಿಯ ಹನಿ ನೋಡುತ್ತಾ ನೋಡುತ್ತಾ ಪುಟ್ಟಗೌರಮ್ಮನಿಗೆ ಜೋಂಪು ಹತ್ತುತ್ತಿತ್ತು. ತೌರೂರು ತಲಕಾಡಿನ ಮರಳು ಕಾಣುತ್ತಿತ್ತು. ಅಂಗಾಲಿಗೆ ಬೆಚ್ಚಗಿನ ಮರಳು, ಲಂಗ ಎತ್ತಿಕಟ್ಟಿದ ಪುಟ್ಟ ಹುಡುಗಿ, ಹೊಳೆಯ ಆಚೆ ದಡದಲ್ಲಿ ತೀರಿಹೋದ ತಾಯಿ. "ಹೊತ್ತಾಯ್ತು, ಬಾ ಮಗ," ಎಂದು ಒಂದು ಸಲ ತಾಯಿ ಕೈಬೀಸಿ ಕರೆದಳಂತೆ. "ಇನ್ನೊಂಚೂರು ಆಡ್ಕಂಡ್ ಬತ್ತೀನಿ ಕಣವ್ವ," ಎಂದರಂತೆ ಇವರು. ಎಚ್ಚರವಾದಾಗ ಬಾಟಲಿ ಖಾಲಿಯಾಗಿತ್ತು, ಮಗ ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದ.

ನರ್ಸಮ್ಮ ಮೊದಲ ದಿನವೇ ಎಚ್ಚರಿಸಿದ್ದರು: ಕಾವಲು ಎದ್ದಾಗ ಒಮ್ಮೊಮ್ಮೆ ಮನೆಯವರನ್ನೂ ಕಚ್ಚಬಹುದು. ಭೇದಿ, ಉಬ್ಬಸ, ಮೈಮೇಲೆ ಗುಳ್ಳೆ, ವಿಪರೀತ ಸುಸ್ತು, ಏನಾದರೂ ತಕ್ಷಣ ಫೋನ್ ಮಾಡಿ. ನಾಲ್ಕನೇ ಬಾಟಲಿಯಾದ ಮೇಲೆ ಒಂದು ದಿನ, ಬೀದಿ ತುಂಬ ಜನ ಇರುವಾಗಲೇ, ಪುಟ್ಟಗೌರಮ್ಮ ಜಗಲಿಯಿಂದ ಕೂಗಿದರು.

"ಲೋ ನಿಂಗರಾಜು! ಬೆಳಗಿಂದ ಐದ್ ಸಲ ಬೇದಿ ಆಗದೆ, ಆಸ್ಪತ್ರೆಗೆ ಫೋನ್ ಮಾಡ್ಲಾ!"

ಬೀದಿಯೆಲ್ಲ ನಕ್ಕಿತು. ನಗಲಿ ಬಿಡಿ. ಅದೇ ದಿನ ಆಸ್ಪತ್ರೆ ಸೇರಿದ್ದಕ್ಕೆ ಕರುಳು ಉಳಿಯಿತು. ಕೆಲವು ವಾರ ಔಷಧಿ ನಿಲ್ಲಿಸಿ, ಸುಧಾರಿಸಿದ ಮೇಲೆ ಡಾಕ್ಟರೇ ಮತ್ತೆ ಶುರು ಮಾಡಿದರು. ಮೊನ್ನೆಯ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿದೆ. ಕಾಯಿಲೆ ಪೂರ್ತಿ ಹೋಗಿಲ್ಲ, ಆದರೆ ಪುಟ್ಟಗೌರಮ್ಮ ನಮ್ಮ ಜೊತೆ ಇದ್ದಾರೆ. ನಮಗೆ ಸದ್ಯಕ್ಕೆ ಅಷ್ಟು ಸಾಕು.

ಅಕ್ಕಂದಿರೇ, ಅವ್ವಂದಿರೇ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮುಟ್ಟು ಎಂದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಗರ್ಭಕೋಶದ ಕ್ಯಾನ್ಸರ್ ಮತ್ತೆ ಬಂದರೂ, ಹರಡಿದ್ದರೂ, ಮುಗಿಯಿತು ಎಂದು ಕೂರಬೇಡಿ. ಇಮ್ಯುನೋಥೆರಪಿ ನಮಗೆ ಹೊಂದುತ್ತದೆಯೇ, ಗಡ್ಡೆಯ ಪರೀಕ್ಷೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಔಷಧಿ ದುಬಾರಿ, ಯಾವ ಯೋಜನೆಯಲ್ಲಿ ನೆರವು ಸಿಗುತ್ತದೆ ಎಂಬುದನ್ನೂ ಆಸ್ಪತ್ರೆಯಲ್ಲೇ ವಿಚಾರಿಸಿ.

ಗಂಡುಮಕ್ಕಳೇ, ನಿಮಗೂ ಒಂದು ಮಾತು. ಇವತ್ತು ಮನೆಗೆ ಹೋದಾಗ ಅವ್ವನ ಪಕ್ಕ ಕೂತು, ಮೈ ಹೇಗಿದೆಯವ್ವ ಎಂದು ಕೇಳಿ. ನೀವು ಕೇಳಲಿ ಎಂದೇ ಆಕೆ ಎರಡು ತಿಂಗಳಿಂದ ಕಾಯುತ್ತಿರಬಹುದು.