ನೀರು ಕಾಣದ ಜಾಕೆಟ್

ಜಾಕೆಟ್ಟನ್ನು ಮನೆಗೆ ತಂದ ದಿನ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಇಟ್ಟಳು. ಅಷ್ಟು ಕಪ್ಪು ಬಟ್ಟೆಯ ಮೇಲೆ ಎಲ್ಲಿ ಇಡುವುದೆಂದು ತಿಳಿಯದೆ ಎದೆಯ ಬಕಲ್ಲಿಗೆ ಹಚ್ಚಿ, "ಮುಳುಗ್ದೇ ಇರ್ಲಿ ದೇವ್ರೇ" ಎಂದು ಕೈಮುಗಿದಳು.

"ಅಮ್ಮಾ, ಮುಳುಗೋಕೇ ಕಣಮ್ಮ ಇದನ್ನ ತಂದಿರೋದು."

"ಅಂಗಾದ್ರೆ ಎದ್ದು ಬರ್ಲಿ," ಎಂದು ಇನ್ನೊಂದು ಬೊಟ್ಟು ಇಟ್ಟಳು.

ಕರಾವಳಿಯ ಒಂದು ದ್ವೀಪದ ಸುತ್ತ ಹವಳದ ದಿಬ್ಬಗಳನ್ನು ಎಣಿಸುವ ಸಮೀಕ್ಷೆಗೆ ಮೈಸೂರಿನಿಂದ ನಾಲ್ವರು ಬೇಕಾಗಿದ್ದರು. ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಪ್ರಯೋಗಾಲಯದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕುಳಿತಿದ್ದ ನನಗೆ, ಆ ನಾಲ್ಕರಲ್ಲಿ ಒಂದು ಜಾಗ ನನ್ನದಾಗಲೇಬೇಕು ಎನ್ನಿಸಿಬಿಟ್ಟಿತ್ತು. ಹೀಗೆ ಏನನ್ನಾದರೂ ಬೇಕೇಬೇಕೆಂದು ಡೈರಿಯಲ್ಲಿ ಬರೆದದ್ದು ಅದೇ ಮೊದಲು. ಬೇರೆ ಯಾರಿಗೂ ಹೇಳಿರಲಿಲ್ಲ.

ನಮಗೆ ಡೈವಿಂಗ್ ಕಲಿಸುತ್ತಿದ್ದವರು ಪದ್ಮಾವತಿ ಮೇಡಂ. ಪಾಠ ಎಲ್ಲರಿಗೂ ಒಟ್ಟಿಗೆ, ನೀರಿಗೆ ಇಳಿಯುವುದು ಮಾತ್ರ ನಮಗೆ ಹುಡುಗಿಯರಿಗೆ ಬೆಳಗಿನ ಹೆಂಗಸರ ಬ್ಯಾಚಿನಲ್ಲಿ. ಕಲಿಯುತ್ತಿದ್ದ ಹನ್ನೊಂದು ಜನರಲ್ಲಿ ನಾಲ್ವರನ್ನು ಅವರು ಭಾನುವಾರದ ಪರೀಕ್ಷೆಯಲ್ಲಿ ಆರಿಸುವವರಿದ್ದರು. ಉಸಿರಾಟದ ಗಾಳಿಯ ಸಿಲಿಂಡರ್ ಅವರದ್ದು. ಮಾಸ್ಕು, ಕಾಲಿಗೆ ಹಾಕುವ ಫಿನ್ನು, ಗಾಳಿ ತುಂಬುವ ಜಾಕೆಟ್ಟು ನಮ್ಮದೇ ಆಗಿರಬೇಕು. ಜಾಕೆಟ್ಟಿಗೆ ಗಾಳಿ ತುಂಬಿದರೆ ಮೇಲೇರುತ್ತೇವೆ, ಬಿಟ್ಟರೆ ಇಳಿಯುತ್ತೇವೆ. ಹವಳಕ್ಕೆ ಕಾಲು ತಾಗದಂತೆ ನಮ್ಮನ್ನು ನೀರಿನ ನಡುವೆ ನಿಲ್ಲಿಸುವುದು ಅದೇ. ಪರೀಕ್ಷೆಯೂ ಅದೇ: ಐದು ನಿಮಿಷ, ಮೇಲೂ ಹೋಗದೆ ಕೆಳಗೂ ಇಳಿಯದೆ ನಿಲ್ಲಬೇಕು.

ರಾಮಕೃಷ್ಣನಗರದಲ್ಲಿ ದಿಲೀಪ್ ಎನ್ನುವವರು ಮನೆಯ ಕೆಳಗಡೆ ಇಂಥ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಗುರುವಾರ ಹೋದಾಗ, "ಹಿಂದ್ಗಡೆನೇ ಪೂಲ್ ಇದೆ ಮೇಡಂ, ಹಾಕ್ಕೊಂಡು ಒಂದ್ಸಲ ಇಳಿದು ನೋಡ್ಬಿಡಿ" ಎಂದರು. ಕೊಳದ ಕಟ್ಟೆಯ ಮೇಲೆ ನಮ್ಮ ಜೊತೆ ಪಾಠಕ್ಕೆ ಬರುವ ಗುರುಕಿರಣ್ ಇಬ್ಬರು ಗೆಳೆಯರ ಜೊತೆ ಕಾಲು ಇಳಿಬಿಟ್ಟು ಕುಳಿತಿದ್ದ. ಅವರೆದುರು ಈಜುಡುಗೆಯಲ್ಲಿ ನಡೆದು ಹೋಗುವುದನ್ನು ನೆನೆದೇ ನನ್ನ ಕಿವಿ ಬಿಸಿಯಾಯಿತು. ಚೂಡಿದಾರದ ಮೇಲೆಯೇ ಜಾಕೆಟ್ ತೊಟ್ಟು ಕನ್ನಡಿ ನೋಡಿಕೊಂಡು, "ಸರಿಯಾಗಿದೆ ಸರ್" ಎಂದೆ. 'ನೀರಿನಲ್ಲಿ ಪರೀಕ್ಷಿಸಿ ತೆಗೆದುಕೊಂಡಿದ್ದೇನೆ' ಎಂದು ಅಚ್ಚು ಹಾಕಿದ್ದ ಚೀಟಿಗೆ ಸಹಿ ಮಾಡಿ ಬಂದುಬಿಟ್ಟೆ.

ಅಪ್ಪ ನೋಡಿದ್ದು ಮರುದಿನ ಬೆಳಿಗ್ಗೆ. ಅಪ್ಪನ ಹೆಸರು ಚೆಲುವರಾಜು. ಬೋಗಾದಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಚರ್ ಅಂಗಡಿ ನಡೆಸುತ್ತಿದ್ದಾರೆ. ಜಾಕೆಟ್ಟನ್ನು ಎತ್ತಿ, ಹೊಲಿಗೆಯನ್ನು ಹೆಬ್ಬೆರಳಿನಲ್ಲಿ ಸವರಿ, ಒಂದೇ ಮಾತು ಕೇಳಿದರು.

"ನೀರಲ್ಲಿ ಅದ್ದಿ ನೋಡ್ದಾ ಗಗನ?"

ನಾನು ಕಾಫಿ ಲೋಟದೊಳಗೆ ನೋಡಿದೆ.

"ನನ್ ಮಗಳಾಗಿ!" ಎಂದರು ಅಪ್ಪ. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಹೊಸ ಟ್ಯೂಬನ್ನೂ ಅದ್ದಿ ನೋಡದೆ ಗಾಡಿಗೆ ಹಾಕಿದವರಲ್ಲ ಅವರು.

ಜಾಕೆಟ್ ಹಿಡಿದು ಇಬ್ಬರೂ ಅಂಗಡಿಗೆ ಹೋದಾಗ, ಟ್ಯೂಬ್ ಅದ್ದುವ ನೀರಿನ ತೊಟ್ಟಿಯ ಪಕ್ಕ ಶಿವಮಲ್ಲಪ್ಪನವರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಪಂಚರ್ ಆಗದಿದ್ದರೂ ಬಂದು ಕೂರುವವರು. ಅಪ್ಪ ಜಾಕೆಟ್ಟಿನ ಕೊಳವೆಗೆ ಬಾಯಿಟ್ಟು ಊದುವುದನ್ನು ಕಂಡು ಅವರು ಸುಮ್ಮನಿರಲಿಲ್ಲ.

"ಏನ್ ಚೆಲುವರಾಜಣ್ಣ, ಈಗ ಕೋಟ್‌ಗೂ ಪಂಚರ್ ಹಾಕಕ್ಕೆ ಶುರು ಮಾಡ್ಬುಟ್ಯಾ?"

"ಕೋಟಲ್ಲ ಕಣ್ರೀ, ಮಗಳು ಸಮುದ್ರಕ್ಕಿಳೀತಾಳೆ."

"ಸಮುದ್ರಕ್ಕಾ? ನಾವು ಕಾವೇರೀಲಿ ಮೀಯೋವಾಗ್ಲೇ ಕಲ್ಲು ಇಡ್ಕೊಂಡು ನಿಂತ್ಕತಿದ್ವಲ್ಲೋ!"

ಅಪ್ಪ ಎರಡೂ ಮೊಣಕೈ ಊರಿ ಜಾಕೆಟ್ಟನ್ನು ತೊಟ್ಟಿಯೊಳಗೆ ಅದುಮಿದರು. ಗುಳ್ಳೆಗಳು ಎದ್ದವು. ನಾನು ತೊಟ್ಟಿಯ ಅಂಚು ಹಿಡಿದು ಬಗ್ಗಿದೆ.

"ಎದ್ರುಕೋಬ್ಯಾಡ. ಮೊದಲ್ನೇ ಗುಳ್ಳೆ ಸುಳ್ಳು ಹೇಳ್ತದೆ. ಅದು ಮೇಲೆ ಅಂಟ್ಕೊಂಡಿರೋ ಗಾಳಿ." ಬಟ್ಟೆಯನ್ನೆಲ್ಲ ಕೈಯಿಂದ ಒರೆಸಿ ಮತ್ತೆ ಅದುಮಿದರು. "ಎರಡ್ನೇದೂ ಸುಳ್ಳಿರಬೌದು. ಒಂದೇ ಜಾಗದಿಂದ ಮೂರನೇದು ಬಂತೋ, ತೂತು."

ಎಡ ಭುಜದ ಹೊಲಿಗೆಯ ಹತ್ತಿರ ಮೂರನೆಯದು ಬಂತು. ನಾಲ್ಕನೆಯದೂ. ಆಮೇಲೆ ನೂಲು ಬಿಚ್ಚಿದ ಹಾಗೆ, ಒಂದರ ಹಿಂದೆ ಒಂದು.

"ಒಂದು ಪ್ಯಾಚ್ ಹಾಕ್ಬುಡಪ್ಪ," ಎಂದೆ. ನನಗೆ ದಿಲೀಪರ ಅಂಗಡಿಗೆ ಮತ್ತೆ ಹೋಗುವುದಕ್ಕಿಂತ ಯಾವುದಾದರೂ ಸರಿ ಎನ್ನಿಸಿತ್ತು.

ಅಪ್ಪ ಕೈ ಒರೆಸಿಕೊಂಡರು. "ಐದು ನಿಮಿಷದ ಕೆಲ್ಸ. ಆದ್ರೆ ಹಾಕಲ್ಲ. ಟೈರ್ ಹೋದ್ರೆ ಗಾಡಿ ರಸ್ತೇಲಿ ನಿಂತ್ಕತದೆ. ಇದು ಹೋದ್ರೆ ನೀನು ಎಲ್ಲಿ ನಿಂತ್ಕತೀಯ?" ಜಾಕೆಟ್ಟಿನ ನೀರು ಕೊಡವುತ್ತ ಕೇಳಿದರು, "ನಾನ್ ಬರ್ಲಾ ಜೊತೆಗೆ? ಮಾತಾಡ್ತೀನಿ."

ಕಾಲೇಜಿನ ಅರ್ಜಿಯಿಂದ ಬಸ್ ಪಾಸಿನವರೆಗೆ ನನ್ನ ಮಾತನ್ನೆಲ್ಲ ಅಪ್ಪನೇ ಆಡಿದ್ದಾರೆ. 'ಬಾಪ್ಪ' ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಸುಳ್ಳು ಸಹಿ ನನ್ನದು. ಅದನ್ನು ಅಪ್ಪನ ಬಾಯಿಂದ ಹೇಳಿಸುವುದು ಹೇಗೆ?

"ಬೇಡಪ್ಪ. ನಾನೇ ಹೋಗ್ತೀನಿ."

ಅಂದೇ ರಾಮಕೃಷ್ಣನಗರಕ್ಕೆ ಹೋದೆ. ದಿಲೀಪ್ ಜಾಕೆಟ್ ಮುಟ್ಟುವ ಮೊದಲೇ ಚೀಟಿ ತೆಗೆದರು. ಗುರುಕಿರಣ್ ಅಲ್ಲೇ ಫಿನ್ ಆರಿಸುತ್ತಿದ್ದ.

"ನೀರಲ್ಲಿ ಟೆಸ್ಟ್ ಮಾಡಿದ್ದೀನಿ ಅಂತ ನೀವೇ ಸೈನ್ ಮಾಡಿದ್ದೀರಲ್ಲಾ ಮೇಡಂ?"

"ಸುಳ್ಳು ಸೈನ್ ಸರ್," ಎಂದೆ. ನನ್ನ ದನಿ ನನಗೇ ದೂರದಿಂದ ಬಂದಂತಿತ್ತು. "ಇವರೆಲ್ಲ ಇದ್ರು, ನಾಚಿಕೆ ಆಯ್ತು. ನೋಡ್ದೇನೇ ಸೈನ್ ಹಾಕ್ದೆ. ಅದು ನನ್ನ ತಪ್ಪು. ಜಾಕೆಟ್ ಲೀಕ್ ಆಗ್ತಿರೋದು ನನ್ನ ತಪ್ಪಲ್ಲ."

ಅವರು ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಲೀಕ್ ಅಂತ ಹೇಗೆ ಗೊತ್ತಾಯ್ತು?"

"ಪಂಚರ್ ಅಂಗಡೀಲಿ ತೊಟ್ಟಿಗೆ ಅದ್ದಿ ನೋಡಿದ್ವಿ."

ಗುರುಕಿರಣ್ ಕಿಸಕ್ಕೆಂದ. "ಪಂಚರ್ ಅಂಗಡೀಲಾ? ಗ್ರೀಸಿಂಗೂ ಮಾಡಿಸ್ಬಿಡ್ಬೇಕಿತ್ತು!"

ನಗೆಯಾಡಿದ್ದು ನನ್ನ ಬಗ್ಗೆ ಮಾತ್ರವಾಗಿದ್ದರೆ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದೆನೇನೋ. "ಹೌದು. ನಮ್ಮಪ್ಪನ ಅಂಗಡಿ," ಎಂದೆ. "ಸರ್, ಪೂಲ್ ಖಾಲಿ ಇದ್ಯಾ? ಈಗಲೇ ಇಳೀತೀನಿ. ನೀವೇ ನಿಂತು ನೋಡಿ."

ಬಟ್ಟೆ ಬದಲಿಸಿ ಹೊರಗೆ ಬಂದಾಗ ಕೊಳದವರೆಗಿನ ಹತ್ತು ಹೆಜ್ಜೆ ಬಹಳ ಉದ್ದವಿತ್ತು. ಜಾಕೆಟ್ಟನ್ನು ಎದೆಗೆ ಅವುಚಿಕೊಂಡೇ ನಡೆದೆ. ನೀರಿಗಿಳಿದ ಮೇಲೆ ನಾಚಲು ಪುರುಸೊತ್ತಾಗಲಿಲ್ಲ. ಜಾಕೆಟ್ಟಿಗೆ ಊದಿದೆ, ಎರಡೂ ಮೊಣಕೈ ಊರಿ ಅದುಮಿದೆ. ಗುಳ್ಳೆ ಎದ್ದವು.

"ಹೊಸಾದ್ರಲ್ಲಿ ಅಷ್ಟು ಬಂದೇ ಬರುತ್ತೆ ಮೇಡಂ, ಮೇಲ್ಗಡೆ ಗಾಳಿ ಅದು," ಎಂದರು ದಿಲೀಪ್.

"ಹೌದು ಸರ್, ಮೊದಲನೇದು ಲೆಕ್ಕಕ್ಕಿಲ್ಲ." ಒರೆಸಿದೆ, ಮತ್ತೆ ಅದುಮಿದೆ. "ಎರಡನೇದನ್ನೂ ಬಿಡೋಣ. ಈಗ ಭುಜದ ಹೊಲಿಗೆ ಹತ್ರ ನೋಡ್ತಾ ಇರಿ."

ನಾನೇ ಗಟ್ಟಿಯಾಗಿ ಎಣಿಸಿದೆ. ಎಂಟಕ್ಕೆ ಬರುವಷ್ಟರಲ್ಲಿ ದಿಲೀಪ್ ಪ್ಯಾಂಟ್ ನೆನೆಯುವುದನ್ನೂ ಮರೆತು ಕಟ್ಟೆಯ ಮೇಲೆ ಮಂಡಿಯೂರಿದ್ದರು. ಗುರುಕಿರಣ್ ಕೈಯಲ್ಲಿದ್ದ ಫಿನ್ ಕೆಳಗಿಟ್ಟ.

"ಸಾರಿ ಮೇಡಂ," ಎಂದು ದಿಲೀಪ್ ಒಳಗಿನಿಂದ ಹೊಸ ಡಬ್ಬ ತಂದು ಚಾಚಿದರು. "ತಗೊಳ್ಳಿ, ಇದು ಪಕ್ಕಾ ಪೀಸು."

"ಇಳಿಸಿ ನೋಡ್ತೀನಿ ಸರ್."

ಅದರಲ್ಲಿ ಸೋರಿಕೆ ಇರಲಿಲ್ಲ, ಆದರೆ ಗಾಳಿ ತುಂಬಿದಾಗ ಕಂಕುಳಿನಿಂದ ಮೇಲೇರಿ ಕಿವಿ ಮುಚ್ಚಿತು. ನಮ್ಮ ಮನೆಯಲ್ಲಿ ಏನು ಕೊಂಡರೂ ಒಂದಳತೆ ದೊಡ್ಡದೇ. ಅದೇ ಅಭ್ಯಾಸದಲ್ಲಿ ನಾನು ದೊಡ್ಡ ಅಳತೆ ಹೇಳಿದ್ದೆ. ಅದೂ ಕನ್ನಡಿಯಲ್ಲಿ ಕಂಡಿರಲಿಲ್ಲ. ಮೂರನೆಯದು, ಒಂದಳತೆ ಚಿಕ್ಕದು, ನನ್ನ ಮೈಗೆ ನನ್ನದೇ ಎಂಬಂತೆ ಕೂತಿತು. ಮಾಸ್ಕನ್ನೂ ಹಾಕಿಕೊಂಡು ಮುಳುಗಿ ಎದ್ದೆ. ಒಂದು ಗಂಟೆಯ ಮೇಲಾಗಿತ್ತು. ಯಾರು ನೋಡುತ್ತಿದ್ದಾರೆಂಬುದನ್ನೇ ಮರೆತಿದ್ದೆ. ಒದ್ದೆ ಕೈಯಲ್ಲೇ ಹೊಸ ಚೀಟಿಗೆ ಸಹಿ ಹಾಕಿದೆ. ಶಾಯಿ ಕದಡಿತು. ಆದರೂ ಅಷ್ಟು ಚೆನ್ನಾಗಿ ನಾನು ಎಂದೂ ಸಹಿ ಹಾಕಿಲ್ಲ.

ಹೊರಡುವಾಗ ಗುರುಕಿರಣ್ ಬಾಗಿಲಿನ ಹತ್ತಿರ ತಡೆದ. "ನನ್ ಜಾಕೆಟ್ಟೂ ಇಲ್ಲೇ ತಗೊಂಡಿದ್ದು. ಒಂದ್ಸಲ ನೋಡ್ಕೊಡ್ತೀಯಾ?"

"ತೊಟ್ಟಿ ಬೋಗಾದಿ ರಸ್ತೇಲಿದೆ. ಅಪ್ಪ ಇರ್ತಾರೆ," ಎಂದೆ. "ಗ್ರೀಸಿಂಗ್ ಮಾತ್ರ ಮಾಡಲ್ಲ."

ಭಾನುವಾರ ಪರೀಕ್ಷೆಗೆ ಗಂಡಸರು ಹೆಂಗಸರು ಸೇರಿ ಹನ್ನೊಂದು ಜನರೂ ಕೊಳದ ಪಕ್ಕ ಒಂದೇ ಸಾಲಿನಲ್ಲಿ ನಿಂತಿದ್ದೆವು. ನನ್ನ ಸರದಿ ಏಳನೆಯದು. ನೀರಿನಡಿ ಮೂರು ಮೀಟರಿಗೆ ಇಳಿದು, ಜಾಕೆಟ್ಟಿಗೆ ಒಂದು ಗುಟುಕು ಗಾಳಿ ತುಂಬಿ, ಕಾಲು ಮಡಿಸಿ ನಿಂತೆ. ಉಸಿರೆಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ನನ್ನ ಮುಂದೆ ಪದ್ಮಾವತಿ ಮೇಡಂ ಗಡಿಯಾರ ಹಿಡಿದು ತೇಲುತ್ತಿದ್ದರು. ಮೂರನೆಯ ನಿಮಿಷದಲ್ಲಿ ಅವರು ಬೇಕೆಂದೇ ನನ್ನ ಮಾಸ್ಕಿನ ಅಂಚು ಎಳೆದು ನೀರು ನುಗ್ಗಿಸಿದರು. ಮೂಗಿನಿಂದ ಊದಿ ನೀರು ಹೊರಹಾಕಿದೆ. ಜಾಗ ಬಿಟ್ಟು ಅಲುಗಲಿಲ್ಲ. ಜಾಕೆಟ್ಟಿನ ಬಗ್ಗೆ ಒಮ್ಮೆಯೂ ಯೋಚನೆ ಬರಲಿಲ್ಲ.

ಎಲ್ಲರ ಸರದಿ ಮುಗಿದ ಮೇಲೆ ಮೇಡಂ ನಾಲ್ಕು ಹೆಸರು ಓದಿದರು. ಗುರುಕಿರಣನದು ಮೂರನೆಯದು. ನನ್ನದು ಮೊದಲನೆಯದು.

"ಅಲ್ಲಿ ಬೋಟ್ ಹತ್ತೋಕೆ ಮುಂಚೆ ನಾಲ್ಕೂ ಜನರ ಸಾಮಾನು ಚೆಕ್ ಮಾಡೋದು ನಿನ್ನ ಜವಾಬ್ದಾರಿ ಕಣಮ್ಮ ಗಗನ. ಆಗುತ್ತಾ? ಸಾಮಾನು ಸರಿಯಿಲ್ದಿದ್ರೆ ಇಳೀಬೇಡ ಅಂತ ಹೇಳ್ಬೇಕಾಗುತ್ತೆ."

"ಹೇಳ್ತೀನಿ ಮೇಡಂ."

ತಲೆ ಒರೆಸಿಕೊಳ್ಳುವುದಕ್ಕೂ ಮೊದಲು ಅಪ್ಪನಿಗೆ ಫೋನ್ ಮಾಡಿದೆ. ಆ ಕಡೆ ಯಾರದೋ ಬೈಕ್ ಗುರುಗುಟ್ಟುತ್ತಿತ್ತು.

"ಎಂಗಾಯ್ತವ್ವ?"

"ನಾಲ್ಕರಲ್ಲಿ ಒಂದು ನಂದಪ್ಪ. ಮೊದಲ್ನೇದು."

ಬೈಕಿನ ಸದ್ದು ನಿಂತಿತು.

"ಒಸಿ ತಡಿಯವ್ವ. ಕೈಯೆಲ್ಲಾ ಮಸಿ. ತೊಳ್ಕೊಂಡ್ ಬತ್ತೀನಿ, ಆಮೇಲೆ ಇನ್ನೊಂದ್ಸಲ ಹೇಳು."

ಫೋನನ್ನು ಎಲ್ಲಿಯೋ ಇಟ್ಟ ಸದ್ದು, ಸೋಪಿನ ಡಬ್ಬಿಯ ಸದ್ದು. ನನ್ನ ಸುತ್ತ ಹತ್ತು ಜನ ನಿಂತಿದ್ದರು, ನನ್ನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾದೆ.

"ಹಾಂ, ಹೇಳು ಈಗ," ಎಂದರು ಅಪ್ಪ.

ಹೇಳಿದೆ, ಕೊಳದ ಆ ಕೊನೆಯಲ್ಲಿ ನಿಂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.